ನಾಲ್ವರು ಗೆಳೆಯರು, 60 ಕಿ.ಮೀ. ಕಾಡು ಮತ್ತು ಜೌಗು: ಎಷ್ಟು ದಿನ ಬೇಕು, ಯಾವ ಬೂಟು ಹಾಕಬೇಕು?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ 60 ಕಿ.ಮೀ. ಉದ್ದದ ಚಾರಣದ ಹಾದಿಯೊಂದನ್ನು ನಡೆಯಬೇಕೆಂದಿದ್ದೇವೆ. ಹೆಚ್ಚುಕಡಿಮೆ ಅರ್ಧ ಕಾಡು, ಇನ್ನರ್ಧ ಜೌಗು. ರಾತ್ರಿ ಟೆಂಟಿನಲ್ಲೇ ಮಲಗುತ್ತೇವೆ. ಹಲವು ದಿನಗಳ ಚಾರಣದ ಅನುಭವ ಇರುವುದು ಒಬ್ಬನಿಗೆ ಮಾತ್ರ. ದಿನಕ್ಕೆ 20 ಕಿ.ಮೀ. ನಡೆದು ಮೂರು ದಿನದಲ್ಲಿ ಮುಗಿಸಬಹುದೇ? ಎಲ್ಲರೂ ಒಳ್ಳೆಯ ವಾಟರ್‌ಪ್ರೂಫ್ ಬೂಟು ಕೊಂಡರೆ ಸಾಕೇ?

ಉತ್ತರ: ಮೂರು ದಿನ ಸಾಲದು, ನಾಲ್ಕು ಇಟ್ಟುಕೊಳ್ಳಿ. ವಾಟರ್‌ಪ್ರೂಫ್ ಬೂಟಂತೂ ನೀವು ಹೇಳುವ ದಾರಿಗೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು. ಜೌಗಿನಲ್ಲಿ ಕಾಲು ಒದ್ದೆಯಾಗದಂತೆ ನಡೆಯಲು ಯಾರಿಂದಲೂ ಆಗುವುದಿಲ್ಲ. ಹಗಲು ಒದ್ದೆಯಾದ ಕಾಲು ರಾತ್ರಿಯಿಡೀ ಒಣಗಿರುವಂತೆ ನೋಡಿಕೊಳ್ಳಲು ಎಲ್ಲರಿಂದಲೂ ಆಗುತ್ತದೆ. ನಿಮ್ಮ ಯೋಜನೆಯೆಲ್ಲ ಈ ಒಂದು ಮಾತಿನ ಸುತ್ತ ಕಟ್ಟಬೇಕು.

ಮೊದಲು ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ಚಾರಣಿಗರು ಇಂದಿಗೂ ಬಳಸುತ್ತಾರೆ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕದಲ್ಲಿ 300 ಮೀಟರ್ ಏರಿರುವ 20 ಕಿ.ಮೀ. ನಾಲ್ಕೂವರೆ ಗಂಟೆಯ ಕೆಲಸ. ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ. ಆದರೆ ಅದು ಗಟ್ಟಿ ನೆಲದ ಮೇಲೆ, ಹಗುರ ಹೊರೆಯಲ್ಲಿ, ನಿಲ್ಲದೆ ನಡೆಯುವವರ ಲೆಕ್ಕ. ಬೆನ್ನ ಮೇಲೆ 13-14 ಕಿಲೋ ಹೊತ್ತು ಬೇರು, ಕಲ್ಲು ತುಂಬಿದ ಕಾಡುದಾರಿಯಲ್ಲಿ ಗಂಟೆಗೆ ಮೂರೂವರೆ ಕಿ.ಮೀ. ಸಾಗಿದರೆ ಹೆಚ್ಚು. ಪ್ರತಿ ಹೆಜ್ಜೆಯನ್ನೂ ಕಿತ್ತು ಇಡಬೇಕಾದ ಜೌಗಿನಲ್ಲಿ ಗಂಟೆಗೆ 2 ಕಿ.ಮೀ. ಎಂದೇ ಹಿಡಿಯಿರಿ. ಈಗ ಮತ್ತೆ ಕೂಡಿ ನೋಡಿ: 10 ಕಿ.ಮೀ. ಕಾಡಿಗೆ ಮೂರು ಗಂಟೆ, 10 ಕಿ.ಮೀ. ಜೌಗಿಗೆ ಐದು, ಏರಿಗೆ ಅರ್ಧ, ವಿಶ್ರಾಂತಿಗೆ ಒಂದೂಕಾಲು. ಹತ್ತಿರಹತ್ತಿರ ಹತ್ತು ಗಂಟೆ. ಮೊದಲ ಸಲ ಹೊರಟವರು ಇದನ್ನು ಒಂದು ದಿನ ಮಾಡಿಯಾರು. ಮರುದಿನ ಅದೇ ಕಾಲಿನಲ್ಲಿ ಮತ್ತೆ ಮಾಡಲಾಗುವುದಿಲ್ಲ.

ಹಾಗಾಗಿ 13, 16, 17, 14 ಕಿ.ಮೀ. ಎಂದು ನಾಲ್ಕು ದಿನಕ್ಕೆ ಹಂಚಿಕೊಳ್ಳಿ. ಮೊದಲ ದಿನ ಕಡಿಮೆ ಯಾಕೆಂದರೆ ಹೊರಡುವುದು ಯಾವಾಗಲೂ ತಡವಾಗುತ್ತದೆ, ಹೊರೆಯೂ ಅಂದೇ ಅತಿ ಹೆಚ್ಚು. ಟೆಂಟ್ ಹಾಕಲು ಅನುಮತಿ ಇರುವ ಜಾಗಗಳು ಈ ಅಂತರಕ್ಕೆ ಸರಿಯಾಗಿ ಸಿಗದಿರಬಹುದು. ಆಗ ಒಂದೆರಡು ಕಿ.ಮೀ. ಆಚೀಚೆ ಮಾಡಿ. ಆದರೆ ಅತಿ ಹಸಿಯಾದ ಭಾಗ ಬೆಳಗಿನ ಹೊತ್ತಿಗೆ ಬರುವಂತೆ ನೋಡಿಕೊಳ್ಳಿ. ಸುಸ್ತಾದ ಕಾಲು ನೆಲವನ್ನು ಸರಿಯಾಗಿ ನೋಡದೆ ಇಳಿಯುತ್ತದೆ. ಜೌಗಿನಲ್ಲಿ ಕಾಲು ಉಳುಕುವುದು ಸಾಮಾನ್ಯವಾಗಿ ಸಂಜೆಯೇ.

ಇನ್ನು ಬೂಟು. ವಾಟರ್‌ಪ್ರೂಫ್ ಬೂಟಿನೊಳಗಿನ ಪೊರೆ ಹೊರಗಿನ ನೀರನ್ನು ತಡೆಯುತ್ತದೆ, ಸರಿ. ಆದರೆ ನೀರು ಬೂಟಿನ ಬಾಯಿಯಿಂದ ಒಳಗಿಳಿದ ಕ್ಷಣ ಅದೇ ಪೊರೆ ಆ ನೀರನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಮೊಣಕಾಲಿನವರೆಗೆ ಹೂತುಹೋಗುವ ಹುದುಲಿನಲ್ಲಿ ಇದು ಮೊದಲ ಗಂಟೆಯಲ್ಲೇ ಆಗುತ್ತದೆ. ಒಮ್ಮೆ ತುಂಬಿದ ಬೂಟು ತೇವದ ಹವೆಯಲ್ಲಿ ನಾಲ್ಕು ದಿನವೂ ಒಣಗುವುದಿಲ್ಲ. ಬದಲಿಗೆ ಪೊರೆಯಿಲ್ಲದ, ಬಲೆಯಂಥ ಬಟ್ಟೆಯ ಮೇಲ್ಭಾಗವಿರುವ, ಆಳವಾದ ಹಲ್ಲಿನ ಅಟ್ಟೆಯ ಟ್ರೇಲ್ ಶೂ ತೆಗೆದುಕೊಳ್ಳಿ. ನೀರು ಹೇಗೆ ಬಂತೋ ಹಾಗೆಯೇ ಹೋಗುತ್ತದೆ; ಗಟ್ಟಿ ನೆಲದಲ್ಲಿ ಅರ್ಧ ಗಂಟೆ ನಡೆದರೆ ಬಹುಪಾಲು ನೀರು ಹಿಂಡಿ ಹೋಗಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ಜಾಗ ಇರಲಿ, ಏಕೆಂದರೆ ದಿನವಿಡೀ ನಡೆದ ಪಾದ ಊದುತ್ತದೆ. ಲೇಸನ್ನು ಎರಡು ಗಂಟು ಹಾಕಿ ಬಿಗಿಯಿರಿ, ಇಲ್ಲದಿದ್ದರೆ ಕೆಸರು ಶೂವನ್ನೇ ಕಳಚಿಕೊಳ್ಳುತ್ತದೆ. ಮೇಲೊಂದು ಗೇಟರ್ (ಶೂವಿನ ಬಾಯಿಯನ್ನೂ ಕಣಕಾಲನ್ನೂ ಮುಚ್ಚುವ ಬಟ್ಟೆಯ ಕವಚ) ಹಾಕಿದರೆ ಕಸ, ಕಡ್ಡಿ, ಮರಳು ಒಳಗೆ ಹೋಗುವುದಿಲ್ಲ. ಒದ್ದೆ ಕಾಲಿನ ಗುಳ್ಳೆಗಳಲ್ಲಿ ಆ ಮರಳಿನದೂ ಕೊಡುಗೆ ಇದೆ. ಹವೆ 5 ಡಿಗ್ರಿಗಿಂತ ಕೆಳಗಿಳಿಯುವ ಕಾಲದಲ್ಲಿ ಹೊರಡುವುದಾದರೆ ಮಾತ್ರ ಈ ಸಲಹೆ ಬದಲಾಗುತ್ತದೆ. ಆಗ ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ಸಾಕ್ಸ್ ಬೇಕು, ಅದು ಕಾಲನ್ನು ಒಣಗಿಸದಿದ್ದರೂ ಬೆಚ್ಚಗಿಡುತ್ತದೆ.

ಪಾದದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಚಾರಣ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ. ಗಂಟೆಗಟ್ಟಲೆ ನೀರಿನಲ್ಲಿದ್ದ ಚರ್ಮ ಬೆಳ್ಳಗಾಗಿ, ಸುಕ್ಕುಗಟ್ಟಿ, ಮೆತ್ತಗಾಗುತ್ತದೆ. ಒದ್ದೆ ಚರ್ಮಕ್ಕೂ ಸಾಕ್ಸಿಗೂ ನಡುವಿನ ಘರ್ಷಣೆ ಒಣ ಚರ್ಮಕ್ಕಿಂತ ಹೆಚ್ಚು. ಹೀಗಾಗಿ ಒಣ ದಾರಿಯಲ್ಲಿ ಏನೂ ಮಾಡದ ಶೂ ಇಲ್ಲಿ ಎರಡೇ ಗಂಟೆಯಲ್ಲಿ ಹಿಮ್ಮಡಿ ಕೆರೆಯುತ್ತದೆ. ಒದ್ದೆಯ ಜೊತೆಗೆ ತಂಪೂ ಸೇರಿ, ಹಗಲು ರಾತ್ರಿ ಕಾಲು ಶೂನಲ್ಲೇ ಉಳಿದರೆ ರಕ್ತಸಂಚಾರ ಕುಗ್ಗಿ ಪಾದ ಮರಗಟ್ಟುತ್ತದೆ. ಮೊದಲ ಮಹಾಯುದ್ಧದ ಸೈನಿಕರನ್ನು ಕಂದಕಗಳಲ್ಲಿ ಕಾಡಿದ್ದರಿಂದ ಇದಕ್ಕೆ ‘ಟ್ರೆಂಚ್ ಫುಟ್’ ಎಂಬ ಹೆಸರು ಬಂತು. ಇದಕ್ಕೆ ಹಿಮ ಬೀಳುವಷ್ಟು ಚಳಿಯೇನೂ ಬೇಕಿಲ್ಲ, 10-15 ಡಿಗ್ರಿಯಲ್ಲೂ ಆಗುತ್ತದೆ.

ತಡೆಯುವ ಕ್ರಮ ಹೀಗೆ. ಬೆಳಗ್ಗೆ ಪಾದ ಪೂರ್ತಿ ಒಣಗಿರುವಾಗಲೇ, ಹಿಂದೆ ತೊಂದರೆ ಕೊಟ್ಟ ಜಾಗಗಳಿಗೆ ಜಿಂಕ್ ಆಕ್ಸೈಡ್ ಟೇಪ್ ಅಂಟಿಸಿ, ಅದರ ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಕತ್ತರಿಸಿ. ಚೂಪು ಮೂಲೆಯೇ ಮೊದಲು ಸುರುಳಿ ಸುತ್ತಿಕೊಂಡು ಹೊಸ ಗುಳ್ಳೆಗೆ ದಾರಿ ಮಾಡುವುದು. ಉಳಿದ ಕಡೆ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಹಚ್ಚಿ. ಎರಡು ಗಂಟೆಗೊಮ್ಮೆ ಗಟ್ಟಿ ನೆಲ ನೋಡಿ ಕುಳಿತು ಶೂ ಬಿಚ್ಚಿ, ಸಾಕ್ಸ್ ಹಿಂಡಿ, ಪಾದಕ್ಕೆ ಹತ್ತು ನಿಮಿಷ ಗಾಳಿ ಕೊಡಿ. ಎಲ್ಲಾದರೂ ಬಿಸಿ ಬಿಸಿಯಾಗಿ ಉರಿಯುತ್ತಿದ್ದರೆ ಆ ಕ್ಷಣವೇ ನಿಂತು ಟೇಪ್ ಹಾಕಿ. ಇಲ್ಲದಿದ್ದರೆ ಮುಂದಿನ ವಿಶ್ರಾಂತಿಯ ಹೊತ್ತಿಗೆ ಅದು ಗುಳ್ಳೆಯಾಗಿರುತ್ತದೆ. ಸಣ್ಣ ಗುಳ್ಳೆಯನ್ನು ಒಡೆಯಬೇಡಿ. ನಡೆಯಲಾಗದಷ್ಟು ದೊಡ್ಡದಾದರೆ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಹೊರಗೆ ಬಿಡಿ, ಮೇಲಿನ ಚರ್ಮವನ್ನು ಮಾತ್ರ ಕೀಳದೆ ಹಾಗೆಯೇ ಮುಚ್ಚಿ.

ಪ್ರತಿಯೊಬ್ಬರೂ ಮೂರು ಜೊತೆ ಉಣ್ಣೆಯ ಸಾಕ್ಸ್ ಒಯ್ಯಿರಿ. ಎರಡು ಹಗಲಿಗೆ. ಮೂರನೆಯದು ಸ್ಲೀಪಿಂಗ್ ಬ್ಯಾಗಿನ ಒಳಗೇ ವಾಸ. ಅದು ಟೆಂಟಿನ ಹೊರಗೆ ಕಾಲಿಡಕೂಡದು. ಮಲಗುವ ಅಂಗಿ, ಪೈಜಾಮಕ್ಕೂ ಇದೇ ನಿಯಮ. ಬೆಳಗ್ಗೆ ಎದ್ದು ಒಣ ಬಟ್ಟೆ ಬಿಚ್ಚಿಟ್ಟು ನಿನ್ನೆಯ ತಣ್ಣನೆಯ ಒದ್ದೆ ಸಾಕ್ಸ್ ಏರಿಸುವುದು ಚಾರಣದ ಅತಿ ಕಷ್ಟದ ಐದು ನಿಮಿಷ. ‘ಇವತ್ತೊಂದು ದಿನ ಒಣದ್ದನ್ನೇ ಹಾಕಿಕೊಳ್ಳೋಣ’ ಎಂದವರಿಗೆ ಆ ರಾತ್ರಿಯಿಂದ ಒಣಗಿದ್ದು ಏನೂ ಉಳಿಯುವುದಿಲ್ಲ.

ಒಣಗಿದ್ದು ಒಣಗಿಯೇ ಉಳಿಯಬೇಕಾದರೆ ಬ್ಯಾಗಿನ ಮೇಲಿನ ಮಳೆಹೊದಿಕೆಯನ್ನು ನೆಚ್ಚಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ಮಳೆನೀರು ಬೆನ್ನಗುಂಟ ಇಳಿದು ಒಳಗೆ ಸೇರುತ್ತದೆ. ಬ್ಯಾಗಿನ ಒಳಗೇ ದಪ್ಪನೆಯ ಪ್ಲಾಸ್ಟಿಕ್ ಚೀಲ ಹಾಕಿ, ಎಲ್ಲವನ್ನೂ ಅದರಲ್ಲಿ ತುಂಬಿ, ಗಾಳಿ ಹಿಂಡಿ ತೆಗೆದು, ಚೀಲದ ಬಾಯಿ ತಿರುಚಿ ಮಡಚಿ ಕಟ್ಟಿ. ಸ್ಲೀಪಿಂಗ್ ಬ್ಯಾಗಿಗೂ ರಾತ್ರಿಯ ಬಟ್ಟೆಗೂ ಅದರೊಳಗೆ ನೀರು ನುಗ್ಗದ ಇನ್ನೊಂದು ಚೀಲ (ಡ್ರೈ ಬ್ಯಾಗ್). ಒದ್ದೆ ಟೆಂಟ್ ಮಾತ್ರ ಹೊರಗಿನ ಜೇಬಿನಲ್ಲಿ.

ಜೌಗಿನಲ್ಲಿ ನಡೆಯುವುದಕ್ಕೆ ಮೊದಲು ಅದನ್ನು ಓದಲು ಕಲಿಯಬೇಕು. ನೆಲದ ಬಗ್ಗೆ ಅಲ್ಲಿನ ಗಿಡಗಳೇ ಹೇಳುತ್ತವೆ. ಮರ, ಪೊದೆ ಬೆಳೆದ ಕಡೆ ಬೇರುಗಳ ಹೆಣಿಗೆ ಇರುವುದರಿಂದ ಕಾಲು ನಿಲ್ಲುತ್ತದೆ. ಹುಲ್ಲಿನ ಗುಪ್ಪೆಗಳ ನೆತ್ತಿಯ ಮೇಲೆ ಹೆಜ್ಜೆ ಇಟ್ಟು ದಾಟಬಹುದು, ಅವು ವಾಲುತ್ತವೆಂಬ ಎಚ್ಚರವಿರಲಿ. ಒಂದೇ ಸಮನೆ ಚಪ್ಪಟೆಯಾಗಿ, ಹುಲ್ಲುಗಾವಲಿನಂತೆ ಕಣ್ಣು ಕೋರೈಸುವ ಎಳೆ ಹಸಿರು ಹಾಸು ಕಂಡರೆ ದೂರ ಉಳಿಯಿರಿ. ಅದು ಹಲವೊಮ್ಮೆ ನೀರಿನ ಮೇಲೆ ತೇಲುವ ಸ್ಫ್ಯಾಗ್ನಮ್ ಪಾಚಿ. ತನ್ನ ಒಣ ತೂಕದ ಇಪ್ಪತ್ತು ಪಟ್ಟಿನವರೆಗೂ ನೀರು ಹೀರಿಕೊಳ್ಳಬಲ್ಲ ಈ ಪಾಚಿಯ ಮೇಲೆ ಕಾಲಿಟ್ಟರೆ ಸುತ್ತಲಿನ ಎರಡು ಮೂರು ಮೀಟರ್ ನೆಲವೆಲ್ಲ ಹಾಸಿಗೆಯಂತೆ ಕುಲುಕುತ್ತದೆ. ನೆಲ ಹಾಗೆ ಕುಲುಕಿತೆಂದರೆ ಹಿಂದಿನ ಹೆಜ್ಜೆಗುರುತಿಗೇ ಮರಳಿ ಬನ್ನಿ. ಸಂಶಯ ಬಂದ ಕಡೆ ಊರುಗೋಲಿನಿಂದ ಮೊದಲು ಚುಚ್ಚಿ ನೋಡಿ. ಕೋಲು ತಡೆಯಿಲ್ಲದೆ ಅರ್ಧ ಮೀಟರ್ ಇಳಿದರೆ ಅಲ್ಲಿ ನಿಮ್ಮ ಕಾಲೂ ಇಳಿಯುತ್ತದೆ. ಪ್ರತಿಯೊಬ್ಬರಿಗೂ ಎರಡು ಕೋಲು ಬೇಕೇಬೇಕು, ತುದಿಗೆ ಅಗಲವಾದ ಬಿಲ್ಲೆ ಹಾಕಿದ್ದು.

ತೊಡೆಯವರೆಗೆ ಹೂತುಹೋದವರು ಮಾಡುವ ಮೊದಲ ತಪ್ಪು ಒಂದು ಕಾಲನ್ನು ಬಲವಾಗಿ ಎಳೆಯುವುದು. ಹಾಗೆ ಎಳೆದಾಗ ಇನ್ನೊಂದು ಕಾಲಿನ ಮೇಲೆ ಭಾರ ಬಿದ್ದು ಅದು ಮತ್ತಷ್ಟು ಆಳಕ್ಕೆ ಹೋಗುತ್ತದೆ; ಪಾದದ ಕೆಳಗೆ ನಿರ್ವಾತ ಉಂಟಾಗಿ ಕೆಸರು ಹಿಡಿದಿಡುತ್ತದೆ. ಮೊದಲು ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿ ಬ್ಯಾಗನ್ನು ಪಕ್ಕಕ್ಕೆ ಚಪ್ಪಟೆಯಾಗಿ ಇಳಿಸಿ. ಹಿಂದಕ್ಕೆ ವಾಲಿ ಕುಳಿತಂತೆ ಮಾಡಿ ಭಾರವನ್ನು ಅಗಲಕ್ಕೆ ಹರಡಿ. ಪಾದವನ್ನು ಸಣ್ಣಗೆ ಸುತ್ತ ಅಲ್ಲಾಡಿಸುತ್ತಿದ್ದರೆ ಬದಿಯಿಂದ ನೀರು ನುಗ್ಗಿ ಹಿಡಿತ ಸಡಿಲುತ್ತದೆ. ಆಮೇಲೆ ಒಂದೊಂದೇ ಕಾಲು ಮೇಲೆತ್ತಿ, ಬಂದ ದಿಕ್ಕಿಗೇ ತೆವಳಿ. ಗೆಳೆಯರು ಓಡಿ ಹತ್ತಿರ ಬರಬಾರದು. ಗಟ್ಟಿ ನೆಲದಲ್ಲಿ ನಿಂತು ಕೋಲು ಚಾಚಬೇಕು, ಇಲ್ಲವೇ ಮಲಗುವ ಚಾಪೆಯನ್ನು ಎಸೆಯಬೇಕು. ಇದನ್ನು ಸಾಧ್ಯವಾಗಿಸಲು ಜೌಗಿನಲ್ಲಿ ಇಬ್ಬರ ನಡುವೆ ಮೂರು ನಾಲ್ಕು ಮೀಟರ್ ಅಂತರವಿಟ್ಟು ನಡೆಯಿರಿ.

ಹಲಗೆ ಹಾಸಿದ ದಾರಿ ಕಂಡೊಡನೆ ಎಲ್ಲರೂ ಉಸಿರು ಬಿಟ್ಟು ವೇಗ ಹೆಚ್ಚಿಸುತ್ತಾರೆ. ಜಾರುವುದು ಅಲ್ಲೇ. ಒದ್ದೆ ಮರದ ಮೇಲಿನ ಪಾಚಿಪದರ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹೆಜ್ಜೆ ಚಿಕ್ಕದಿರಲಿ, ಇಡೀ ಅಂಗಾಲು ಒಟ್ಟಿಗೆ ಇಳಿಯಲಿ, ಕೋಲಿನ ತುದಿ ಹಲಗೆಗಳ ಸಂದಿಗೆ ಹೋಗದಿರಲಿ. ಹಲಗೆ ಇರುವಲ್ಲಿ ಕೆಳಗಿಳಿಯಬೇಡಿ. ಅಡಿಯ ಪೀಟ್ ಪದರ, ಎಂದರೆ ಅರೆಕೊಳೆತ ಸಸ್ಯಗಳ ಮಣ್ಣು, ವರ್ಷಕ್ಕೆ ಸರಿಸುಮಾರು ಒಂದು ಮಿಲಿಮೀಟರಿನಷ್ಟೇ ಬೆಳೆಯುತ್ತದೆ. ಒಂದು ಗೇಣು ಆಳದ ಹೆಜ್ಜೆ ತುಳಿದದ್ದು ಶತಮಾನಗಳ ಬೆಳವಣಿಗೆಯನ್ನು. ಹಲಗೆಯಿಲ್ಲದ ಕಡೆ ದಾರಿಯ ನಡುವೆ ಕೆಸರಿದ್ದರೆ ಕೆಸರಿನಲ್ಲೇ ಹೋಗಿ. ಬದಿಯಿಂದ ಬಳಸಿ ಹೋಗಿಯೇ ಒಂದಾಳಿನ ದಾರಿ ಹತ್ತು ಮೀಟರಿನ ರೊಚ್ಚೆಯಾಗುವುದು. ಶೂ ಹೇಗೂ ಒದ್ದೆಯಾಗಿದೆ.

ಹಳ್ಳ ದಾಟುವಾಗ ನೀರು ಮೊಣಕಾಲು ಮೀರಿದ್ದು ಸೆಳೆತವೂ ಇದ್ದರೆ ದಾಟಬೇಡಿ. ದಾಟುವಾಗ ಸೊಂಟಪಟ್ಟಿ ಬಿಚ್ಚಿರಲಿ, ಶೂ ಕಾಲಲ್ಲೇ ಇರಲಿ, ಮುಖ ಮೇಲ್ಹರಿವಿನ ಕಡೆಗಿರಲಿ.

ಕುಡಿಯುವ ನೀರು ಜೌಗಿನಲ್ಲಿ ಹೇರಳ, ಆದರೆ ನೇರವಾಗಿ ಬಳಸಲಾಗದು. ಚಹಾದಂತೆ ಕಂದು ಬಣ್ಣ ಬಂದಿರುವುದು ಕೊಳೆತ ಸಸ್ಯಗಳ ಟ್ಯಾನಿನ್ ಮತ್ತು ಹ್ಯೂಮಿಕ್ ಆಮ್ಲಗಳಿಂದ. ಆ ಬಣ್ಣದಿಂದ ತೊಂದರೆಯಿಲ್ಲ. ತೊಂದರೆ ಎರಡು ಕಡೆ ಬರುತ್ತದೆ. ತೇಲುವ ಕಸ ಫಿಲ್ಟರನ್ನು ಕಟ್ಟುತ್ತದೆ, ಕ್ಲೋರಿನ್ ಮಾತ್ರೆಯ ಶಕ್ತಿಯನ್ನು ಈ ಸಾವಯವ ಪದಾರ್ಥವೇ ತಿಂದುಹಾಕುತ್ತದೆ. ನೀರನ್ನು ಪಾತ್ರೆಯಲ್ಲಿ ಅರ್ಧ ಗಂಟೆ ನಿಲ್ಲಿಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ 0.1 ಮೈಕ್ರಾನ್ ರಂಧ್ರದ ಫಿಲ್ಟರಿಗೆ ಬಿಡಿ. ದಿನಕ್ಕೊಮ್ಮೆ ಫಿಲ್ಟರಿಗೆ ಶುದ್ಧ ನೀರನ್ನು ಹಿಮ್ಮುಖವಾಗಿ ಹಾಯಿಸಿ. ಈ ಫಿಲ್ಟರ್ ಬ್ಯಾಕ್ಟೀರಿಯಾಗಳನ್ನೂ ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಗಳನ್ನೂ ತಡೆಯುತ್ತದೆ, ವೈರಸ್‌ಗಳನ್ನು ತಡೆಯುವುದಿಲ್ಲ. ಮೇಲ್ಹರಿವಿನಲ್ಲಿ ಜನವಸತಿ ಇದ್ದರೆ ಕುದಿಸಲೇಬೇಕು: ಬುಳುಬುಳು ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದಲ್ಲಿ ಮೂರು. ಹಸಿರು ಬಣ್ಣ ಸುರಿದಂತೆ ಕೆನೆಗಟ್ಟಿದ ನೀರನ್ನು ಮುಟ್ಟಲೇಬೇಡಿ. ಅದರಲ್ಲಿರಬಹುದಾದ ಸಯನೋಬ್ಯಾಕ್ಟೀರಿಯಾದ ವಿಷ ಕುದಿಸಿದರೂ ಹೋಗದು. ಒಳಗೆ ನೀರಿರುವಾಗ ಹೆಪ್ಪುಗಟ್ಟಿದ ಫಿಲ್ಟರ್ ಹೊರನೋಟಕ್ಕೆ ಸರಿಯಿದ್ದರೂ ಒಳಗೆ ಸೀಳಿರುತ್ತದೆ. ಚಳಿ ರಾತ್ರಿಗಳಲ್ಲಿ ಅದೂ ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಲಿ.

ಹೊರೆ ದೇಹತೂಕದ ಐದನೇ ಒಂದು ಭಾಗ ಮೀರಬಾರದು. ಟೆಂಟ್, ಒಲೆ, ಪಾತ್ರೆ, ಫಿಲ್ಟರ್, ಔಷಧಿ ಪೆಟ್ಟಿಗೆಯನ್ನು ತೂಕ ಮಾಡಿ ಹಂಚಿ. ಸಮಪಾಲು ಮಾಡುವುದಕ್ಕಿಂತ ದೇಹತೂಕಕ್ಕೆ ತಕ್ಕ ಪಾಲು ನ್ಯಾಯವಾದದ್ದು. ಆದರೆ ಮಳೆ ಅಂಗಿ, ತಲೆಗೆ ಕಟ್ಟುವ ಟಾರ್ಚ್, ಸೀಟಿ, 2 ಲೀಟರ್ ನೀರು, ಆ ದಿನದ ಊಟ, ನಕ್ಷೆಯ ಪ್ರತಿ ಇವಿಷ್ಟು ಪ್ರತಿಯೊಬ್ಬರ ಬಳಿಯೂ ಇರಬೇಕು, ಯಾಕೆಂದರೆ ದಾರಿ ತಪ್ಪುವವರು ಸಾಮಾನ್ಯವಾಗಿ ಒಬ್ಬಂಟಿಯಾಗಿಯೇ ತಪ್ಪುತ್ತಾರೆ. ಆಹಾರ ತಲಾ ದಿನಕ್ಕೆ 650-700 ಗ್ರಾಂ ಒಣ ತೂಕ. ಗ್ರಾಮಿಗೆ 4 ಕ್ಯಾಲೊರಿಗಿಂತ ಹೆಚ್ಚು ಕೊಡುವ ಪದಾರ್ಥಗಳಿರಲಿ. ಒಂದು ದಿನದ ಬುತ್ತಿ ಹೆಚ್ಚಿಗೆ ಇರಲಿ. ಗ್ಯಾಸಿನ ಲೆಕ್ಕವೂ ಸುಲಭ: ಆರು ಹೊತ್ತು, ಹೊತ್ತಿಗೆ 3 ಲೀಟರಿನಂತೆ 18 ಲೀಟರ್ ನೀರು ಕುದಿಸಬೇಕು. ಗಾಳಿ ತಡೆದು ಬಳಸಿದರೆ ಲೀಟರಿಗೆ 12 ಗ್ರಾಂ, ಒಟ್ಟು 216 ಗ್ರಾಂ. 230 ಗ್ರಾಮಿನ ಡಬ್ಬಿ ಅಂಚಿಗೆ ನಿಲ್ಲುತ್ತದೆ, ಹಾಗಾಗಿ ಜೊತೆಗೆ 100 ಗ್ರಾಮಿನದೊಂದು ಬೇಕು. ಮಳೆ ಎಷ್ಟೇ ಸುರಿಯಲಿ, ಮುಚ್ಚಿದ ಟೆಂಟಿನೊಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಟೆಂಟಿಗೆ ಜೌಗಿನ ಅಂಚು ಎಷ್ಟೇ ಚಂದ ಕಂಡರೂ ಬೇಡ. ತಣ್ಣನೆಯ ಗಾಳಿ ತಗ್ಗಿನಲ್ಲಿ ಶೇಖರವಾಗುತ್ತದೆ, ಬೆಳಗಾಗುವಷ್ಟರಲ್ಲಿ ಟೆಂಟಿನ ಒಳಮೈಯಿಂದ ನೀರು ತೊಟ್ಟಿಕ್ಕುತ್ತದೆ. ಹತ್ತಿಪ್ಪತ್ತು ಮೀಟರ್ ಎತ್ತರಕ್ಕೆ, ಕಾಡಿನೊಳಗೆ, ನೀರಿನಿಂದ 60 ಮೀಟರಾದರೂ ದೂರ ಹೋಗಿ. ಹಾಕುವ ಮೊದಲು ತಲೆಯೆತ್ತಿ ಒಣ ಕೊಂಬೆಗಳಿಲ್ಲವೆಂದು ನೋಡಿ. ಶೌಚಕ್ಕೂ ಅಷ್ಟೇ ದೂರ, 15-20 ಸೆಂ.ಮೀ. ಆಳದ ಗುಂಡಿ. ಜೌಗಿನ ನಡುವೆ ಗುಂಡಿ ತೋಡಿದರೆ ನೀರೇ ಸಿಗುವುದರಿಂದ, ಅಲ್ಲಿ ಮುಚ್ಚುವ ಚೀಲದಲ್ಲಿ ಹೊತ್ತು ತರಬೇಕು. ಇದನ್ನು ಹೊರಡುವ ಮೊದಲೇ ನಾಲ್ವರೂ ಮಾತಾಡಿ ಒಪ್ಪಿಕೊಳ್ಳಿ.

ಸಂಜೆ ಬಟ್ಟೆ ಬದಲಿಸುವಾಗ ಉಣ್ಣಿ ಹುಡುಕಿ: ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ. ಕಚ್ಚಿದ್ದರೆ ಸಪೂರ ತುದಿಯ ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿ ತೋರಿಸುವುದು ಬೇಡ. ಕಾಲಿನ ಗಾಯಗಳನ್ನು ನೀರು ಸೇರದಂತೆ ಮುಚ್ಚಿ. ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ ನಿಂತ ನೀರು ಸೇರುವ ಲೆಪ್ಟೊಸ್ಪೈರಾ ಎಂಬ ರೋಗಾಣು ಇಂಥ ಬಿರುಕುಗಳಿಂದ ದೇಹದೊಳಗೆ ಹೋಗುತ್ತದೆ.

ಈಗ ಗೆಳೆತನದ ಮಾತು. ಅಪರಿಚಿತರ ತಂಡಕ್ಕಿಂತ ಗೆಳೆಯರ ತಂಡದಲ್ಲಿ ನೋವು ಮುಚ್ಚಿಡುವವರು ಹೆಚ್ಚು. ನಾನೊಬ್ಬ ಎಲ್ಲರ ಖುಷಿ ಹಾಳು ಮಾಡಬಾರದು ಎಂದು ಹಲ್ಲು ಕಚ್ಚಿ ನಡೆದು, ಮೂರನೇ ದಿನ ಹೆಜ್ಜೆ ಇಡಲಾಗದೆ ಕೂರುತ್ತಾರೆ. ‘ಪರವಾಗಿಲ್ವಾ?’ ಎಂದು ಕೇಳಿದರೆ ‘ಪರವಾಗಿಲ್ಲ’ ಎಂದೇ ಉತ್ತರ ಬರುತ್ತದೆ. ವಿಶ್ರಾಂತಿಯಲ್ಲಿ ನಾಲ್ವರೂ ಶೂ ಬಿಚ್ಚಿ ಒಬ್ಬರ ಪಾದ ಇನ್ನೊಬ್ಬರು ನೋಡುವ ರೂಢಿ ಮಾಡಿಕೊಳ್ಳಿ. ಅತಿ ನಿಧಾನದವರನ್ನು ಎರಡನೆಯವರಾಗಿ ನಡೆಸಿ, ಮುಂದಿನವರು ಅವರ ವೇಗಕ್ಕೆ ಹೊಂದಿಕೊಳ್ಳಲಿ, ಅನುಭವಿ ಕೊನೆಯಲ್ಲಿರಲಿ. ಹಿಂದೆ ಬೀಳುವವರು ಬಂದು ಸೇರಿದ ಕೂಡಲೇ ಮುಂದಿದ್ದವರು ಎದ್ದು ಹೊರಟರೆ ವಿಶ್ರಾಂತಿ ಬೇಕಾದವರಿಗೇ ವಿಶ್ರಾಂತಿ ಸಿಗುವುದಿಲ್ಲ, ಇದನ್ನು ಗಮನಿಸುವವರು ಕಡಿಮೆ. ದಾರಿ ಕವಲೊಡೆದಲ್ಲೆಲ್ಲ ನಾಲ್ಕು ತಲೆ ಎಣಿಸಿ. ಯಾವ ಹೊತ್ತಿಗೆ, ಎಲ್ಲಿಗೆ ತಲುಪದಿದ್ದರೆ ಹಿಂದಿರುಗಬೇಕು ಅಥವಾ ಹತ್ತಿರದ ದಾರಿಯಲ್ಲಿ ಹೊರಬೀಳಬೇಕು ಎಂಬುದನ್ನು ಮನೆಯಲ್ಲೇ ಬರೆದಿಟ್ಟುಕೊಳ್ಳಿ. ಸುಸ್ತಾದ ಮೇಲೆ ಎಲ್ಲರೂ ‘ಇನ್ನು ಸ್ವಲ್ಪವೇ’ ಎನ್ನುವವರೇ.

ಒಬ್ಬರು ಮಾತು ತೊದಲಿದರೆ, ಜಿಪ್ ಹಾಕಲಾಗದೆ ತಡಕಾಡಿದರೆ, ಸಮತಟ್ಟು ನೆಲದಲ್ಲಿ ಎಡವಿದರೆ, ವಿನಾಕಾರಣ ಸಿಡುಕಿದರೆ ಮೈಶಾಖ ಇಳಿಯುತ್ತಿದೆ ಎಂದು ತಿಳಿಯಿರಿ. ಮಳೆ ಗಾಳಿ ಎರಡೂ ಇದ್ದರೆ 10 ಡಿಗ್ರಿಯಲ್ಲೂ ಇದು ಆಗುತ್ತದೆ. ಕೂಡಲೇ ಟೆಂಟ್ ಹಾಕಿ, ಒದ್ದೆ ಬಟ್ಟೆ ತೆಗೆದು ಒಣದ್ದು ತೊಡಿಸಿ, ಸ್ಲೀಪಿಂಗ್ ಬ್ಯಾಗಿಗೆ ಸೇರಿಸಿ. ಪೂರ್ತಿ ಎಚ್ಚರವಿದ್ದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ, ಕಂಕುಳಲ್ಲಿಡಿ. ಕೈಕಾಲು ಉಜ್ಜಬೇಡಿ, ಮದ್ಯ ಕೊಡಬೇಡಿ. ನಡುಕ ನಿಂತು ಮಂಪರು ಕವಿದರೆ ಅದು ಸುಧಾರಣೆಯ ಲಕ್ಷಣವಲ್ಲ, ತುರ್ತು ನೆರವು ಕರೆಯುವ ಹೊತ್ತು. ಫೋನ್ ಹತ್ತದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದಿ. ಮನೆಯಲ್ಲಿ ಒಬ್ಬರಿಗೆ ದಾರಿ, ರಾತ್ರಿ ತಂಗುವ ಜಾಗ, ಮುಗಿಸುವ ಸಮಯ ಬರೆದುಕೊಟ್ಟಿರಿ. ಎಷ್ಟು ಗಂಟೆಗೆ ಸುದ್ದಿ ಬರದಿದ್ದರೆ ಯಾರಿಗೆ ತಿಳಿಸಬೇಕೆಂಬುದೂ ಅದರಲ್ಲಿರಲಿ.

ಹೊರಡಲು ಮೂರು ವಾರವಿರುವಾಗ ಒಂದು ಪರೀಕ್ಷೆ ಮಾಡಿ. ಶೂ ಸಾಕ್ಸ್ ಎರಡನ್ನೂ ಬಕೆಟ್ ನೀರಿನಲ್ಲಿ ಮುಳುಗಿಸಿ, ಹಾಗೆಯೇ ಹಾಕಿಕೊಂಡು, ಪೂರ್ತಿ ಹೊರೆ ಹೊತ್ತು ನಾಲ್ವರೂ 8-10 ಕಿ.ಮೀ. ನಡೆದು, ಅಂದು ರಾತ್ರಿ ಟೆಂಟಿನಲ್ಲಿ ಮಲಗಿ. ಎಲ್ಲಿ ಉಜ್ಜುತ್ತದೆ, ಯಾರ ಬ್ಯಾಗ್ ಭಾರ, ಯಾರು ನಿಧಾನ, ಒಲೆ ಹಚ್ಚಲು ಯಾರಿಗೆ ಬರುವುದಿಲ್ಲ ಎಲ್ಲವೂ ಗೊತ್ತಾಗುತ್ತದೆ. ಶೂ ಬದಲಿಸಲು ಇನ್ನೂ ಸಮಯವಿರುತ್ತದೆ.

ಮರಳಿದ ಮೇಲೆ ಶೂ, ಗೇಟರ್, ಕೋಲಿನ ತುದಿ, ಟೆಂಟಿನ ಮೊಳೆಗಳ ಕೆಸರನ್ನೆಲ್ಲ ತೊಳೆದು ಪೂರ್ತಿ ಒಣಗಿಸಿ. ಒಂದು ಜೌಗಿನ ಬೀಜ, ಶಿಲೀಂಧ್ರ, ಜಲಸಸ್ಯದ ಚೂರು ಇನ್ನೊಂದು ಜೌಗಿಗೆ ಹೋಗುವುದು ಚಾರಣಿಗರ ಅಟ್ಟೆಗೆ ಅಂಟಿಕೊಂಡೇ. ಮುಂದಿನ ಒಂದು ತಿಂಗಳಲ್ಲಿ ಯಾರಿಗಾದರೂ ಜ್ವರ ಬಂದರೆ, ಉಣ್ಣಿ ಕಚ್ಚಿದ ಜಾಗದಲ್ಲಿ ಕೆಂಪು ಹರಡಿದರೆ, ವೈದ್ಯರಿಗೆ ಜೌಗಿನಲ್ಲಿ ನಡೆದ ದಿನಗಳನ್ನು ತಪ್ಪದೆ ಹೇಳಿ.